ಕೂಲಿ ಆವತ್ತೇ ಕೊಡೋದೂ ಪರಿಶುದ್ಧತೆನೇ

ಸಂಪಾದಕರಿಗೆ ನಮಸ್ಕಾರ,

ನಮ್ಮ ಕ್ರೈಸ್ತ ಸಭೆಗಳಲ್ಲಿ ಪರಿಶುದ್ಧ ಜೀವಿತದ ಬಗ್ಗೆ ಪ್ರಸಂಗ ಬಂದಾಗೆಲ್ಲ ಹೆಚ್ಚಾಗಿ ಕೇಳೋದು ಒಂದೇ ಥರದ ಮಾತು, ಕುಡೀಬೇಡಿ, ಸಿನಿಮಾ ನೋಡ್ಬೇಡಿ, ಉಪವಾಸ ಮಾಡಿ, ಬೆಳಿಗ್ಗೆ ಬೇಗ ಎದ್ದು ಪ್ರಾರ್ಥನೆ ಮಾಡಿ. ಉಪವಾಸ ಪ್ರಾರ್ಥನೆ ಬೇಡ ಅಂತ ಖಂಡಿತ ಹೇಳ್ತಿಲ್ಲ, ಪ್ರಾರ್ಥನೆ ಇಲ್ದೆ ನಂಗೂ ದಿನ ಸಾಗಲ್ಲ. ಆದ್ರೆ ಪರಿಶುದ್ಧತೆ ಅಂದ್ರೆ ಇಷ್ಟೇ ಅಂದ್ಕೊಂಡಿರೋದು ನೋಡಿದ್ರೆ ಸಂಕಟ ಆಗುತ್ತೆ.

ಬೈಬಲಿನ ಯಾಜಕಕಾಂಡ ಅನ್ನೋ ಪುಸ್ತಕದ 19ನೇ ಅಧ್ಯಾಯ ತೆಗೆದು ನೋಡಿ. ನಾನು ಪರಿಶುದ್ಧನು, ನೀವೂ ಪರಿಶುದ್ಧರಾಗಿರಿ ಅಂತ ದೇವರು ಶುರುವಲ್ಲೇ ಹೇಳ್ತಾರೆ, ಆಮೇಲೆ ಬರೋದೆಲ್ಲ ಹೊಲ ಮನೆ ಸಂತೆ ವಿಷಯನೇ ಜಾಸ್ತಿ. ಪೈರು ಕೊಯ್ಯೋವಾಗ ಅಂಚಿನ ತನಕ ಕೊಯ್ಯಬೇಡಿ, ಉದುರಿದ ತೆನೆ ಆರಿಸ್ಕೋಬೇಡಿ, ಬಡವರಿಗೂ ಪರದೇಶದವರಿಗೂ ಬಿಡಿ. ಕೂಲಿಯವನ ಕೂಲಿ ಮಾರನೇ ಬೆಳಗಿನ ತನಕ ನಿಮ್ಮ ಹತ್ರ ಇಟ್ಕೋಬೇಡಿ. ಚಾಡಿ ಹೇಳ್ಕೊಂಡು ತಿರುಗಬೇಡಿ, ತಕ್ಕಡಿ ಸರಿಯಾಗಿರಲಿ. ಯೇಸುಸ್ವಾಮಿ ಎತ್ತಿ ಹೇಳಿದ್ರಲ್ಲ, ನೆರೆಯವನನ್ನ ನಿನ್ನಂತೆಯೇ ಪ್ರೀತಿಸು ಅಂತ, ಅದೂ ಇದೇ ಅಧ್ಯಾಯದ 18ನೇ ವಚನ.

ಈಗ ಬೆಳೆದಿದ್ದನ್ನ ಚರ್ಚಿಗೆ ತಂದು ದೇವರಿಗೆ ಅರ್ಪಿಸೋ ನಮ್ಮ ಬೆಳೆ ಹಬ್ಬ ನೋಡಿ. ಹರಾಜಿನಲ್ಲಿ ಒಂದು ತೆಂಗಿನಕಾಯಿಗೆ, ಒಂದು ಬಾಳೆಗೊನೆಗೆ ಪೈಪೋಟಿ ಮೇಲೆ ಸಾವಿರಾರು ರೂಪಾಯಿ ಕೂಗ್ತೀವಿ, ಸಭೆಗೆ ಹೋಗೋ ದುಡ್ಡು, ಸಂತೋಷವೇ. ಮಾರನೇ ದಿನ ಅದೇ ನಾವು ಸೊಪ್ಪು ಮಾರೋ ಅಜ್ಜಿ ಹತ್ರ ಐದು ರೂಪಾಯಿಗೆ ಜಗಳ ಮಾಡ್ತೀವಿ, ಮನೆ ಕೆಲಸದವರು ಜ್ವರ ಅಂತ ಎರಡು ದಿನ ಬರದಿದ್ರೆ ಸಂಬಳ ಹಿಡೀತೀವಿ, ಗಾರೆ ಕೆಲಸಕ್ಕೆ ಬಿಹಾರ ಒಡಿಶಾದಿಂದ ಬಂದ ಹುಡುಗರಿಗೆ ಇವತ್ತು ನಾಳೆ ಅಂತ ಓಡಾಡಿಸ್ತೀವಿ, ಅವರಿಗೆ ಭಾಷೆ ಬರಲ್ಲ, ಯಾರ ಹತ್ರ ಹೋಗಿ ಕೇಳ್ತಾರೆ ಪಾಪ. ಹಿಡಿದಿಟ್ಟ ಕೂಲಿನೇ ಕೂಗ್ತಾ ಇದೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ ಅಂತ ಯಾಕೋಬನ ಪತ್ರಿಕೆ 5ನೇ ಅಧ್ಯಾಯದಲ್ಲಿ ಇದೆ, ಓದಿದ್ರೆ ನಂಗೆ ಭಯ ಆಗುತ್ತೆ.

ಸುಂಕ ವಸೂಲಿ ಮಾಡಿ ಶ್ರೀಮಂತನಾಗಿದ್ದ ಜಕ್ಕಾಯನ ಕಥೆ ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು, ಆದ್ರೆ ಅವನು ಯೇಸುಸ್ವಾಮಿನ ನೋಡೋಕೆ ಮರ ಹತ್ತಿದ್ದಷ್ಟೇ ನೆನಪಲ್ಲಿರುತ್ತೆ. ಆಸ್ತೀಲಿ ಅರ್ಧ ಬಡವರಿಗೆ ಕೊಡ್ತೀನಿ, ಅನ್ಯಾಯವಾಗಿ ತಗೊಂಡಿದ್ರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂತ ಅವನು ಹೇಳಿದ ಮೇಲೇ ಯೇಸುಸ್ವಾಮಿ ಈ ಮನೆಗೆ ಇವತ್ತು ರಕ್ಷಣೆ ಆಯ್ತು ಅಂದಿದ್ದು.

ನಮ್ಮ ಕರಾವಳಿಯ ಹಿರಿಯರಿಗೆ ಇದು ಹೊಸದೇನೂ ಅಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು, ಕ್ರೈಸ್ತರಾದ್ರು ಅಂತ ಮನೆ ಕಸುಬು ಕಳ್ಕೊಂಡವರಿಗೆ ಬರೀ ಪ್ರಾರ್ಥನೆ ಹೇಳಿ ಕಳಿಸ್ಲಿಲ್ಲ, ಪ್ರೆಸ್ಸು, ಮಗ್ಗ, 1865ರಲ್ಲಿ ಹೆಂಚಿನ ಕಾರ್ಖಾನೆ ಅಂತ ದುಡಿಮೆ ದಾರಿ ಮಾಡಿಕೊಟ್ರು. ಅವರ ಶಿಸ್ತು ಬಲು ಬಿಗಿ, ಎಲ್ಲಾ ಸರಿ ಇತ್ತು ಅಂತ ನಾನು ಹೇಳಲ್ಲ, ಆದ್ರೆ ಭಕ್ತಿ ಬೇರೆ ಅನ್ನ ಬೇರೆ ಅಂತ ಅವರು ನೋಡ್ಲಿಲ್ಲ.

ಸಭಾಪಾಲಕರಲ್ಲಿ ನನ್ನ ವಿನಂತಿ, ಮಕ್ಕಳು ಸಭೆಯ ಪೂರ್ಣ ಸದಸ್ಯರಾಗೋಕೆ ಮುಂಚೆ ನಡೆಯೋ ದೃಢೀಕರಣದ ಕ್ಲಾಸಿನಲ್ಲಿ ಅವರಿಗೆ ಹತ್ತು ಆಜ್ಞೆ ಬಾಯಿಪಾಠ ಮಾಡಿಸೋ ಜೊತೆ ಯಾಜಕಕಾಂಡದ ಈ 19ನೇ ಅಧ್ಯಾಯನೂ ಕೂತು ಓದಿಸಿ. ಸಭಾ ಕಮಿಟಿಗಳು ಈ ಸಲ ಬೆಳೆ ಹಬ್ಬದ ದುಡ್ಡು ಎಣಿಸೋಕೆ ಮುಂಚೆ ಚರ್ಚ್ ಗಂಟೆ ಹೊಡೆಯೋರು, ಕಸ ಗುಡಿಸೋರ ಸಂಬಳ ಎಷ್ಟಿದೆ, ಬಾಕಿ ಏನಾದ್ರೂ ಇದೆಯಾ ಅಂತ ನೋಡಿ, ಇದ್ರೆ ಆವತ್ತೇ ಕೊಟ್ಟುಬಿಡಿ.

ಇಂತಿ,
ಒಬ್ಬ ಓದುಗ, ಮಂಗಳೂರು