ನೆಲದೊಳಗೆ ಹಾಕಿದ ತಡೆಗೋಡೆ ಡೀಸೆಲ್ ತಡೆದಿಲ್ಲ: ಕೆಲಸದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರೌಟಿಂಗ್ ವಿಭಾಗ

ವಿಷಯ: ನಮ್ಮ ಓಣಿಯ ಬಾವಿಯ ನೀರಿನಲ್ಲಿ ಮತ್ತೆ ಡೀಸೆಲ್ ಕಂಡಿರುವ ಕುರಿತು

ಮಾನ್ಯರೇ,

ಹುಬ್ಬಳ್ಳಿಯ ನಮ್ಮ ಓಣಿಯ 14 ಮನೆಗಳಿಗೆ ಒಂದೇ ಬಾವಿ. ನಲ್ಲಿಗೆ ಮಲಪ್ರಭೆ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ. ಉಳಿದ ದಿನಗಳಿಗೆಲ್ಲ ಬಾವಿಯೇ ಗತಿ. ಪಕ್ಕದ ಹಳೇ ಗ್ಯಾರೇಜಿನ ಟ್ಯಾಂಕು ಸೋರಿ ನೀರಿಗೆ ಡೀಸೆಲ್ ಸೇರಿದಾಗ, ಮನೆಮನೆಗೆ ಪಟ್ಟಿ ಎತ್ತಿ ನಿಮ್ಮನ್ನು ಕರೆಸಿದೆವು. ಗ್ರೌಟಿಂಗ್ ಮಾಡುತ್ತೇವೆ, ಅಂದರೆ ಸಿಮೆಂಟು ಮತ್ತು ಬೆಂಟೋನೈಟ್ ಎಂಬ ಉಬ್ಬುವ ಜೇಡಿಮಣ್ಣು ಕಲಸಿದ ಗಂಜಿಯನ್ನು ನೆಲದೊಳಗೆ ಒತ್ತಿ ಗೋಡೆ ಕಟ್ಟುತ್ತೇವೆ, ಡೀಸೆಲ್ ಈಚೆ ದಾಟುವುದಿಲ್ಲ ಎಂದಿರಿ. ಏಪ್ರಿಲ್‌ನಲ್ಲಿ ಕೆಲಸ ಮುಗಿಯಿತು. ಆದರೂ ವಾಸನೆ ಪೂರ್ತಿ ಹೋಗಲಿಲ್ಲ. ಆಗಸ್ಟ್‌ನಲ್ಲಿ ಕೊಡದ ನೀರಿನ ಮೇಲೆ ಮತ್ತೆ ಎಣ್ಣೆಯ ಪೊರೆ.

ಕೆಲಸ ನಡೆದಷ್ಟು ದಿನ ನಾನು ಅಲ್ಲೇ ನಿಂತು ಬರೆದುಕೊಂಡಿದ್ದೇನೆ. ನೀವು ಕೊರೆದದ್ದು 20 ಅಡಿ. ಆಗ ಬಾವಿಯ ನೀರು ಇದ್ದದ್ದು 28 ಅಡಿಯಲ್ಲಿ. ಡೀಸೆಲ್ ನೀರಿನ ಮೇಲೆ ತೇಲುತ್ತದೆ. ಅಂದರೆ ಆಗ ನಿಮ್ಮ ಗೋಡೆ ಅದನ್ನು ಮುಟ್ಟಿಯೇ ಇರಲಿಲ್ಲ, ಅಲ್ವಾ? ಈಗ ನೀರು 15 ಅಡಿಗೆ ಏರಿದೆ. 6 ಅಡಿಗೊಂದರಂತೆ ಕೊರೆದ ತೂತುಗಳ ನಡುವಿನ ಸಂದಿಯಲ್ಲಿ ಡೀಸೆಲ್ ಹಾದು ಬರುತ್ತಿದೆ.

ನಮ್ಮಲ್ಲಿ ಮೇಲೆ 8 ಅಡಿ ಎರೆ ಮಣ್ಣು, ಕೆಳಗೆ ಗರಸು, ಆಮೇಲೆ ಕಲ್ಲು. ಎರೆ ಮಣ್ಣಿನ ಸಣ್ಣ ರಂಧ್ರಗಳಿಗೆ ಸಿಮೆಂಟಿನ ಕಣ ಇಳಿಯುವುದಿಲ್ಲ. ಅದು ಬೇಸಿಗೆಯ ಬಿರುಕು ಹಿಡಿದು ಓಡುತ್ತದೆ, ಅಷ್ಟೇ. ನಮ್ಮ ತುಳಸಿ ಕಟ್ಟೆಯ ಪಕ್ಕದ ಬಿರುಕಿನಿಂದ ನಿಮ್ಮ ಬೂದು ಗಂಜಿ ಉಕ್ಕಿ ಬಂತು. ನಿಮ್ಮ ಹುಡುಗರು ಒರೆಸಿ ಮುಂದಿನ ತೂತಿಗೆ ಹೋದರು. ನೀರು ಹರಿಯುವುದು ಗರಸಿನಲ್ಲಿ. ಅಲ್ಲಿ ಕಲ್ಲಿನವರೆಗೂ ಒತ್ತಬೇಕಿತ್ತು. ಎರಡು ತೂತುಗಳ ನಡುವೆ ಮತ್ತೊಂದು ಕೊರೆದು ಅದು ಎಷ್ಟು ಗಂಜಿ ಕುಡಿಯುತ್ತದೆ ಅಂತ ನೋಡಬೇಕಿತ್ತು. ಜಾಸ್ತಿ ಕುಡಿದರೆ ಅಲ್ಲಿ ಸಂದಿ ಉಳಿದಿದೆ ಎಂದೇ ಅರ್ಥ. ಸಿಮೆಂಟು ಇಳಿಯದ ಸಣ್ಣ ಮರಳಿಗೆ ಸೋಡಿಯಂ ಸಿಲಿಕೇಟ್‌ನಂಥ ತೆಳು ದ್ರಾವಣ ಇದೆ. ನೀವು ಅದರ ಮಾತೇ ಎತ್ತಲಿಲ್ಲ.

ಪ್ರತಿ ತೂತಿನ ಆಳ, ಒತ್ತಡ, ಹೋದ ಚೀಲಗಳ ಲೆಕ್ಕ ಕೊಡಿ. ಗೋಡೆಯ ಆಚೆ ಈಚೆ ಒಂದೊಂದು ಬೋರು ಕೊರೆದು, ಎರಡರ ನೀರನ್ನೂ ನಿಮ್ಮ ಖರ್ಚಿನಲ್ಲೇ ಲ್ಯಾಬಿನಲ್ಲಿ ಪರೀಕ್ಷಿಸಿ. ಆಮೇಲೆ ಕಲ್ಲು ಮುಟ್ಟುವವರೆಗೆ ಕೆಲಸ ಮತ್ತೆ ಮಾಡಿಕೊಡಿ. ಅಲ್ಲಿಯವರೆಗೆ ಟ್ಯಾಂಕರ್ ಖರ್ಚು ನಿಮ್ಮದು. ಸಣ್ಣ ಮಕ್ಕಳಿರುವ ಮನೆಗಳು ಕೊಡ ಹಿಡಿದು ಅಲೆಯುವುದನ್ನು ನೋಡಿ ಸುಮ್ನೆ ಇರಲು ನಮಗಾಗುವುದಿಲ್ಲ.

15 ದಿನದಲ್ಲಿ ಉತ್ತರ ಬರದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ನಿಮ್ಮ ಎಂಜಿನಿಯರ್ ಬರುವ ದಿನ ತಿಳಿಸಿ. ಗಂಜಿ ಉಕ್ಕಿದ ಜಾಗ ಹಾಗೇ ಇದೆ, ತೋರಿಸುತ್ತೇನೆ.

ಓಣಿಯ 14 ಮನೆಗಳ ಪರವಾಗಿ,
ಒಬ್ಬ ನಿವಾಸಿ, ಹುಬ್ಬಳ್ಳಿ