ಪ್ರಾಜೆಕ್ಟ್ ಕೆಲಸದ ದಾರಿ ತೋರಿಸಿದವರಿಗೆ

ಈ ವರ್ಷ ನಮ್ಮ ಬಳಗದ ಮೂಲಕ ಅರ್ಜಿ ಹಾಕಿದವರೆಲ್ಲ ಒಂದಲ್ಲ ಒಂದು ವಿಶ್ವವಿದ್ಯಾಲಯದಲ್ಲಿ, ಸಂಶೋಧನಾ ಪ್ರಾಜೆಕ್ಟುಗಳ ತಾತ್ಕಾಲಿಕ ಹುದ್ದೆಗೋ ಹೊರಗುತ್ತಿಗೆ ಕೆಲಸಕ್ಕೋ ಸೇರಿದ್ದಾರೆ. ನೆರವಾದವರಿಗೆ ಒಂದು ಮಾತು ಹೇಳಲೇಬೇಕು.

ಮೊದಲ ವಂದನೆ ವಿಭಾಗಗಳ ಅಟೆಂಡರುಗಳಿಗೆ. ಪ್ರಾಜೆಕ್ಟ್ ಹುದ್ದೆಗಳನ್ನು ಹೆಚ್ಚಾಗಿ ಆ ಪ್ರಾಜೆಕ್ಟ್ ನಡೆಸುವ ಮೇಷ್ಟ್ರು, ಅಂದರೆ ಪ್ರಧಾನ ಸಂಶೋಧಕರೇ ತುಂಬಿಕೊಳ್ಳುತ್ತಾರೆ. ಜಾಲತಾಣದ ನೇಮಕಾತಿ ಪುಟದಲ್ಲಿ ಕಾಯಂ ಹುದ್ದೆಗಳಿಗಾಗಿ ಕಾಯುತ್ತಾ ಕೂತವರ ಕಣ್ಣಿಗೆ ಇವು ಬೀಳುವುದೇ ಇಲ್ಲ. ನೋಟಿಸ್ ಬೋರ್ಡಿನಲ್ಲೊಂದು ಹಾಳೆ, ಹತ್ತು ಹದಿನೈದು ದಿನದ ಗಡುವು, ಅಷ್ಟೇ. ಆ ಹಾಳೆಯ ಫೋಟೊ ತೆಗೆದು ಕಳಿಸಿದ್ದು ನೀವು.

ಹಣಕಾಸು ವಿಭಾಗದ ಗುಮಾಸ್ತರು ಬಿಡಿಸಿ ಹೇಳಿದ್ದನ್ನು ಎಲ್ಲರೂ ತಿಳಿದಿರಬೇಕು. ಈ ಸಂಬಳ ಬರುವುದು ವಿಶ್ವವಿದ್ಯಾಲಯದ ಬೊಕ್ಕಸದಿಂದಲ್ಲ, ಸಂಶೋಧನೆಗೆ ಹಣ ಕೊಡುವ ಡಿಬಿಟಿ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ), ಐಸಿಎಂಆರ್ (ವೈದ್ಯಕೀಯ ಸಂಶೋಧನಾ ಮಂಡಳಿ), ಸಮಾಜ ವಿಜ್ಞಾನದ ಐಸಿಎಸ್‌ಎಸ್‌ಆರ್‌ನಂಥ ಸಂಸ್ಥೆಗಳ ಅನುದಾನದಿಂದ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ, ಹಣ ಬಳಕೆ ಪ್ರಮಾಣಪತ್ರ ಹೋದ ಮೇಲೇ ಮುಂದಿನ ಕಂತು. ಅದು ತಡವಾದರೆ ಏಪ್ರಿಲ್, ಮೇ ತಿಂಗಳ ಸಂಬಳಕ್ಕೆ ಕಾಯಬೇಕು. ಊರು ಬಿಟ್ಟು ಬರುವವರು ಎರಡು ತಿಂಗಳ ಬಾಡಿಗೆ ಕೈಯಲ್ಲಿಟ್ಟುಕೊಂಡಿದ್ದರೆ ಒಳ್ಳೆಯದು. ಸಂದರ್ಶನದಲ್ಲಿ 'ಪ್ರಾಜೆಕ್ಟ್ ಇನ್ನೆಷ್ಟು ತಿಂಗಳಿದೆ ಸರ್?' ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಮೂರು ವರ್ಷದ ಪ್ರಾಜೆಕ್ಟಿನಲ್ಲಿ ಎಂಟೇ ತಿಂಗಳು ಉಳಿದಿರಬಹುದು. ಕೇಳದೆಯೇ ಜಾಹೀರಾತಿನಲ್ಲಿ ಮುಕ್ತಾಯದ ದಿನಾಂಕ ಬರೆಯುವ ಮೇಷ್ಟ್ರುಗಳಿಗೆ ವಿಶೇಷ ನಮಸ್ಕಾರ, ಅಂಥವರು ಕಡಿಮೆ.

ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಹುದ್ದೆಗೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಗೇಟ್ ಬೇಕು. 2023ರಿಂದ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಇವೆರಡೂ ಇಲ್ಲದವರು ಪ್ರಾಜೆಕ್ಟ್ ಅಸೋಸಿಯೇಟ್, ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆಗಳನ್ನು ನೋಡಬೇಕು.

ಅಣಕು ಸಂದರ್ಶನ ನಡೆಸಿಕೊಟ್ಟ ಹಿರಿಯ ಸಂಶೋಧನಾ ವಿದ್ಯಾರ್ಥಿಗಳೇ, ನಿಮ್ಮ ಪ್ರಶ್ನೆಗಳೇ ಅಲ್ಲೂ ಬಂದವು. '10ಎಕ್ಸ್ ಬಫರಿನಿಂದ 500 ಮಿಲಿ 1ಎಕ್ಸ್ ಹೇಗೆ ಮಾಡ್ತೀರಿ?' 10ಎಕ್ಸ್ ಎಂದರೆ ಬಳಸುವುದಕ್ಕಿಂತ ಹತ್ತು ಪಟ್ಟು ಗಾಢವಾದ ದ್ರಾವಣ, ಆದ್ದರಿಂದ 50 ಮಿಲಿ ಬಫರ್, 450 ಮಿಲಿ ನೀರು. ಚಿನ್ನದ ಪದಕದವರೂ ಇಲ್ಲಿ ತಡವರಿಸುತ್ತಾರೆ, ಪ್ರಾಕ್ಟಿಕಲ್ ತರಗತಿಯಲ್ಲಿ ಬಫರ್ ಯಾವತ್ತೂ ಸಿದ್ಧವಾಗಿಯೇ ಸಿಕ್ಕಿರುತ್ತದಲ್ಲ! ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸುವ ಸೂತ್ರವಿರುವ ಅಂಕಪಟ್ಟಿಯ ಹಿಂಬದಿಯನ್ನೂ ಜೆರಾಕ್ಸ್ ಮಾಡಿಸಿ ಎಂದು ನೆನಪಿಸಿದ್ದೂ ನೀವೇ. ಅದಿಲ್ಲದೆ ಅರ್ಹತೆಗೆ ಕೇಳಿದ ಶೇ. 55 ದಾಟಿದವರ ಅರ್ಜಿಯೂ ಪರಿಶೀಲನೆಯಲ್ಲೇ ನಿಂತುಹೋಗುವುದುಂಟು.

ಕೊನೆಯದಾಗಿ, ಹೊರಗುತ್ತಿಗೆಯಲ್ಲಿರುವ ಲ್ಯಾಬ್ ಸಹಾಯಕರಿಗೆ ಮತ್ತು ಡೇಟಾ ಎಂಟ್ರಿ ಕೆಲಸದವರಿಗೆ. ಇಂಥ ಕೆಲಸಕ್ಕೆ ಮಾಲೀಕರು ಜನರನ್ನು ಒದಗಿಸುವ ಏಜೆನ್ಸಿಯೇ ಹೊರತು ವಿಶ್ವವಿದ್ಯಾಲಯವಲ್ಲ ಎಂಬುದನ್ನು ಹೊಸಬರಿಗೆ ಮುಚ್ಚುಮರೆಯಿಲ್ಲದೆ ಹೇಳಿದಿರಿ. ಸಂಬಳ ಚೀಟಿಯಲ್ಲಿ ಪಿಎಫ್ ಕಡಿತ ಕಾಣಿಸಿದರೆ ಸಾಲದು, ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಹಾಕಿ ಪಾಸ್‌ಬುಕ್ ತೆರೆದು ಮಾಲೀಕರ ಪಾಲೂ ಜಮೆಯಾಗಿದೆಯೇ ಎಂದು ತಿಂಗಳು ತಿಂಗಳೂ ನೋಡಬೇಕು. ಸಂಬಳ 21,000ದ ಒಳಗಿದ್ದರೆ ಇಎಸ್‌ಐ (ನೌಕರರ ವಿಮೆ) ಕಾರ್ಡನ್ನೂ ಕೇಳಿ ಪಡೆಯಬೇಕು. ಟೆಂಡರ್ ಮುಗಿದು ಹೊಸ ಏಜೆನ್ಸಿ ಬಂದಾಗ ಹೊಸ ಯುಎಎನ್ ಮಾಡಿಸಿಕೊಳ್ಳದೆ ಹಳೆಯದನ್ನೇ ಕೊಡಿ ಎಂದು ಎಲ್ಲರ ಬೆನ್ನು ಹತ್ತಿ ಬರೆಸಿದ ಅಕ್ಕನಿಗೆ, ಹೆಸರು ಹಾಕಬೇಡಿ ಅಂದಿದ್ದಾರೆ, ನಮ್ಮೆಲ್ಲರ ವಂದನೆ.