ಮಗಳಿಗೊಂದು ಪತ್ರ: 21 ಕಿಲೋ 400 ಗ್ರಾಂ

ಪ್ರೀತಿಯ ಪುಟ್ಟೀ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ವಾರ್ಡಿನಲ್ಲಿ ಒಬ್ಬರು ನೋವಿಗೆ ಹಲ್ಲು ಕಚ್ಚಿಕೊಂಡು ಮಲಗಿದ್ದಾರೆ, ಮಾರ್ಫಿನ್ ಸ್ಟಾಕ್ ಮುಗಿದಿದೆ, ಬೆಳಿಗ್ಗೆ ತೀರಿಕೊಂಡ ಇನ್ನೊಬ್ಬ ರೋಗಿಯ ಮನೆಯವರು ಉಳಿದ ಮಾತ್ರೆಗಳನ್ನು ನಿನ್ನ ಕೈಗೇ ಕೊಟ್ಟು ಹೋಗಿದ್ದಾರೆ, ಆದರೂ ಅದನ್ನು ಇವರಿಗೆ ಕೊಡುವ ಹಾಗಿಲ್ಲ. "ಅಮ್ಮಾ, ಇದೆಲ್ಲ ನಿಮ್ಮ ಕಾನೂನು. ಬರೀ ಪೇಪರು, ರಿಜಿಸ್ಟರು, ಸಹಿ" ಅಂದೆ. ಆಮೇಲೆ ಫೋನ್ ಇಟ್ಟುಬಿಟ್ಟೆ. ನನಗೂ ಆಗ ಉತ್ತರ ಹೊಳೆಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿನ್ನ ಸಿಟ್ಟು ಸರಿಯಿದೆ ಎಂದು ಒಪ್ಪಿಕೊಳ್ಳುತ್ತೇನೆ. ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆ ಬಂದಿದ್ದು 1985ರಲ್ಲಿ. ಮಾದಕ ವಸ್ತು ಮಾರುವವರು ಹೆದರಲಿ ಎಂದು ಮಾಡಿದ ಕಾನೂನಿಗೆ ಔಷಧಿ ಅಂಗಡಿಯವರೂ ಆಸ್ಪತ್ರೆಯವರೂ ಹೆದರಿ ಕೂತರು. ಹೆಚ್ಚಿನ ಅಪರಾಧಗಳಿಗೆ ಕನಿಷ್ಠ 10 ವರ್ಷ ಜೈಲು ಎಂದ ಮೇಲೆ ಯಾರು ತಾನೇ ಮಾರ್ಫಿನ್ ಇಟ್ಟುಕೊಳ್ಳುತ್ತಾರೆ? ರಾಜ್ಯಕ್ಕೊಂದು ನಿಯಮ, ತರಿಸಬೇಕೆಂದರೆ ಬೇರೆ ಬೇರೆ ಇಲಾಖೆಗಳಿಂದ ನಾಲ್ಕೈದು ಲೈಸೆನ್ಸು, ಕೊನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿಯೇ ಮುಗಿದಿರುತ್ತಿತ್ತು. ಮಾರ್ಫಿನ್ ಬರುವುದೇ ಅಫೀಮಿನಿಂದ. ಮಧ್ಯಪ್ರದೇಶ, ರಾಜಸ್ಥಾನದ ರೈತರು ಸರ್ಕಾರದ ಲೈಸೆನ್ಸ್ ಪಡೆದೇ ಅಫೀಮು ಬೆಳೆಯುತ್ತಾರೆ, ನೀಮಚ್‌ನಲ್ಲಿ, ಘಾಜಿಪುರದಲ್ಲಿ ಸರ್ಕಾರದ್ದೇ ಅಫೀಮು ಕಾರ್ಖಾನೆಗಳಿವೆ, ಆದರೆ ಇದೇ ದೇಶದ ಕ್ಯಾನ್ಸರ್ ರೋಗಿಗೆ ಒಂದು ಮಾತ್ರೆ ಸಿಗುತ್ತಿರಲಿಲ್ಲ. ಹನ್ನೆರಡು ಹದಿಮೂರು ವರ್ಷದಲ್ಲಿ ಮಾರ್ಫಿನ್ ಬಳಕೆ ಶೇಕಡಾ 90ಕ್ಕಿಂತ ಜಾಸ್ತಿ ಕುಸಿಯಿತು. ನೋವಿನ ರೋಗಿಗಳ ಉಪಶಮನ ಚಿಕಿತ್ಸೆಗೇ ದುಡಿದ ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರಂಥವರು ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ 2014ರಲ್ಲಿ ತಿದ್ದುಪಡಿ ಬಂತು. ಈಗ ನಿಮ್ಮಂಥ ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಒಂದಿದ್ದರೆ ಸಾಕು. ಆದರೆ 29 ವರ್ಷ, ಪುಟ್ಟೀ. ಅದರಲ್ಲಿ ಕೆಲವು ವರ್ಷ ನಾನು ಸರ್ಕಾರಿ ಅಭಿಯೋಜಕಿಯಾಗಿ ಇದೇ ಕಾಯ್ದೆಯ ಕೇಸುಗಳನ್ನು ನಡೆಸುತ್ತಿದ್ದೆ. ಆ ರೋಗಿಗಳ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

ಇನ್ನು "ಬರೀ ಪೇಪರು" ಅಂದೆಯಲ್ಲ, ಅದರ ಬಗ್ಗೆ. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ.

ನೀನು ಎಂಟನೇ ಕ್ಲಾಸಿನಲ್ಲಿದ್ದಾಗ ನನ್ನ ಹತ್ತಿರ ಒಂದು ಗಾಂಜಾ ಕೇಸು ಬಂತು. ಲಾರಿಯಲ್ಲಿ ಒಂದು ಮೂಟೆ, ತೂಕ 21 ಕಿಲೋ 400 ಗ್ರಾಂ. ಡ್ರೈವರ್ ಓಡಿಹೋಗಿದ್ದ, ಸಿಕ್ಕಿದ್ದು ಕ್ಲೀನರ್ ಹುಡುಗ, ಆಗಷ್ಟೇ ಹತ್ತೊಂಬತ್ತು. ಗಾಂಜಾ 20 ಕಿಲೋ ದಾಟಿದರೆ ಅದು ವಾಣಿಜ್ಯ ಪ್ರಮಾಣ. ಆಗ ಶಿಕ್ಷೆ 10ರಿಂದ 20 ವರ್ಷ. ಜಾಮೀನು ಸಿಗುವುದಂತೂ ಬಹಳ ಕಷ್ಟ, ಇವನು ತಪ್ಪು ಮಾಡಿಲ್ಲ ಎಂದು ನಂಬಲು ಕಾರಣವಿದೆ ಎಂದು ನ್ಯಾಯಾಧೀಶರಿಗೆ ಮೊದಲೇ ಅನಿಸಬೇಕು. 20 ಕಿಲೋ ದಾಟದಿದ್ದರೆ ಕನಿಷ್ಠ ಶಿಕ್ಷೆ ಎಂಬುದೇ ಇಲ್ಲ, ಜಾಮೀನಿಗೂ ಆ ಕಟ್ಟು ಇಲ್ಲ. ಅಂದರೆ ಆ ಹುಡುಗನ ಬದುಕು ನಿಂತಿದ್ದು 1 ಕಿಲೋ 400 ಗ್ರಾಂ ಮೇಲೆ.

ವಾಣಿಜ್ಯ ಪ್ರಮಾಣದ ಕೇಸಿನಲ್ಲಿ ಚಾರ್ಜ್‌ಶೀಟ್ ಹಾಕಲು 180 ದಿನ ಇರುತ್ತದೆ. ಅಷ್ಟರಲ್ಲಿ ಮುಗಿಯದಿದ್ದರೆ ಇನ್ನಷ್ಟು ದಿನ ಕೇಳಬಹುದು, ಒಟ್ಟು ಒಂದು ವರ್ಷದವರೆಗೆ. ಆದರೆ ಪೊಲೀಸರು ಕೇಳಿದರೆ ಆಗುವುದಿಲ್ಲ, ಸರ್ಕಾರಿ ಅಭಿಯೋಜಕರೇ ವರದಿ ಕೊಡಬೇಕು: ತನಿಖೆ ಎಲ್ಲಿಗೆ ಬಂದಿದೆ, ಇವನನ್ನು ಇನ್ನೂ ಒಳಗೇ ಇಡಬೇಕಾದ ಕಾರಣ ಏನು ಎಂದು. ಪೊಲೀಸರು ತಂದಿದ್ದನ್ನು ಕೋರ್ಟಿಗೆ ದಾಟಿಸುವ ಅಂಚೆಯವಳಲ್ಲ ನಾನು, ನಡುವೆ ನಿಂತು ಓದಬೇಕಾದವಳು. 176ನೇ ದಿನ ಸಂಜೆ ತನಿಖಾಧಿಕಾರಿ ಓಡೋಡಿ ಬಂದರು. ಲ್ಯಾಬ್ ವರದಿ ಬಂದಿಲ್ಲ ಮೇಡಂ, ಡ್ರೈವರ್ ಸಿಕ್ಕಿಲ್ಲ ಮೇಡಂ, ಒಂದು ಸಹಿ ಮಾಡಿಬಿಡಿ ಅಂದರು. ಅವತ್ತು ನನ್ನ ಮೇಜಿನ ಮೇಲೆ ಇನ್ನೂ ಆರು ಫೈಲು ಇದ್ದವು. ಅವರ ಪತ್ರವನ್ನೇ ನನ್ನ ವರದಿ ಎಂದು ಟೈಪ್ ಮಾಡಿಸಿ ಸಹಿ ಹಾಕಿದೆ.

ಮಹಜರು, ಅಂದರೆ ಮಾಲು ಹಿಡಿದಾಗ ಪೊಲೀಸರು ಬರೆದ ದಾಖಲೆ, ಆ ಫೈಲಿನಲ್ಲೇ ಇತ್ತು. ಓದಲು ಐದು ನಿಮಿಷ ಸಾಕಿತ್ತು. ಅದರಲ್ಲಿ ಸ್ಪಷ್ಟವಾಗಿ "ಎಲೆ, ಕಡ್ಡಿ, ಬೀಜ, ಹೂವು ಸಮೇತ, ಚೀಲದೊಂದಿಗೆ ತೂಕ" ಎಂದು ಬರೆದಿತ್ತು. ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ, ತುದಿಯ ಜೊತೆಗಿಲ್ಲದ ಎಲೆ ಬೀಜ ಲೆಕ್ಕಕ್ಕಿಲ್ಲ. ಚೀಲ ಬಿಡಿಸಿ, ಬೇರ್ಪಡಿಸಿ ತೂಗಿದ್ದರೆ 20 ಕಿಲೋ ಆಗುತ್ತಿತ್ತಾ? ಯಾರೂ ನೋಡಿರಲಿಲ್ಲ. ನಾನೂ ನೋಡಲಿಲ್ಲ.

ವಿಚಾರಣೆಯಲ್ಲಿ ಆ ಹುಡುಗನ ವಕೀಲರು ಪಾಟಿ ಸವಾಲಿಗೆ ಎದ್ದು ಎರಡೇ ಪ್ರಶ್ನೆ ಕೇಳಿದರು. ಚೀಲದ ತೂಕ ಕಳೆದಿರಾ? ಇಲ್ಲ. ಕಡ್ಡಿ, ಎಲೆ ಬೇರೆ ಮಾಡಿದಿರಾ? ಇಲ್ಲ. ವಾಣಿಜ್ಯ ಪ್ರಮಾಣ ಸಾಬೀತಾಗಿಲ್ಲ ಎಂದು ನ್ಯಾಯಾಧೀಶರು ಬರೆದರು. ಇಷ್ಟು ದಿನ ಜೈಲಿನಲ್ಲಿ ಕಳೆದದ್ದೇ ಶಿಕ್ಷೆ ಎಂದು ಬಿಟ್ಟರು. ಆ ಹೊತ್ತಿಗೆ ಅವನು ಒಳಗೆ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಪ್ರತಿ ತಾರೀಖಿಗೂ ಬಂದು ಕಾರಿಡಾರಿನಲ್ಲಿ ಕೂರುತ್ತಿದ್ದ ಅವನ ತಾಯಿ ಅವತ್ತು ನನ್ನ ಎದುರಿಗೆ ಬಂದು ನಿಂತರು. ಬೈಯಲಿಲ್ಲ. "ಮೇಡಂ, ಇನ್ನೂ ಮೂರು ತಿಂಗಳು ಬೇಕು ಅಂತ ಬರ್ಕೊಟ್ಟಿದ್ದು ನೀವೇ ಅಲ್ವಾ?" ಎಂದು ಕೇಳಿದರು. ಹೌದು ಅಂದೆ. ಬೇರೆ ಏನು ಹೇಳಲಿ?

ಹಾಗಂತ ಈ ಕೆಲಸ ಬಿಡಬೇಕು ಎಂದು ನನಗೆ ಅನಿಸಲಿಲ್ಲ. ಎಂಡಿಎಂಎ ಎಂಬ ರಾಸಾಯನಿಕ ಮಾದಕ ವಸ್ತು ಹತ್ತು ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಅಂದರೆ ಎರಡು ಚಮಚ ಪುಡಿ, ಆ ಎರಡು ಚಮಚಕ್ಕೆ ಎಷ್ಟು ಮಕ್ಕಳು ಹಾಳಾಗುತ್ತಾರೆ ಎಂದು ಕಣ್ಣಾರೆ ಕಂಡಿದ್ದೇನೆ, ಅದನ್ನು ಮಾರಿದವರಿಗೆ ಶಿಕ್ಷೆ ಕೊಡಿಸಿದ್ದಕ್ಕೆ ಒಂದು ಚೂರೂ ಬೇಸರವಿಲ್ಲ. ಚಟಕ್ಕೆ ಬಿದ್ದ ಹುಡುಗರ ವಿಷಯವೇ ಬೇರೆ. ತಾನಾಗಿ ಚಿಕಿತ್ಸೆಗೆ ಬರುತ್ತೇನೆ ಅನ್ನುವವರಿಗೆ ಇದೇ ಕಾಯ್ದೆಯ 64ಎ ಕಲಂ ಕೇಸಿನಿಂದ ಪಾರಾಗುವ ದಾರಿ ಇಟ್ಟಿದೆ, ಅದನ್ನು ಅವರ ವಕೀಲರೇ ಮರೆತಿದ್ದರೆ ನಾನು ನೆನಪಿಸುತ್ತೇನೆ.

ಆದರೆ ಅವತ್ತಿನಿಂದ ಮಹಜರು ಓದದೆ ಸಹಿ ಹಾಕಿಲ್ಲ. ಖಚಿತ ಮಾಹಿತಿ ಬಂದಿದ್ದನ್ನು ಬರೆದಿಟ್ಟರಾ, 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಿದರಾ? ಮೈ ತಪಾಸಣೆಗೆ ಮುಂಚೆ, ಮ್ಯಾಜಿಸ್ಟ್ರೇಟ್ ಅಥವಾ ಗೆಜೆಟೆಡ್ ಅಧಿಕಾರಿ ಮುಂದೆಯೇ ಆಗಲಿ ಎಂದು ಕೇಳುವ ಹಕ್ಕು ನಿನಗಿದೆ ಎಂದು ಹೇಳಿದರಾ? ಸ್ಯಾಂಪಲ್ ತೆಗೆದಿದ್ದು ಮ್ಯಾಜಿಸ್ಟ್ರೇಟ್ ಮುಂದೆಯೇ? ಇಲ್ಲ ಎಂದಾದರೆ ಫೈಲ್ ವಾಪಸ್ ಕೊಡುತ್ತೇನೆ. ಮೇಡಂ ಆರೋಪಿ ಕಡೆಯವರಾ ಎಂದು ಹಿಂದಿನಿಂದ ಮಾತಾಡಿಕೊಳ್ಳುತ್ತಾರೆ, ಗೊತ್ತು. ಇಷ್ಟು ಕಠಿಣ ಕಾನೂನಿನ ಎದುರು ನಿಂತವನ ಕೈಯಲ್ಲಿ ಇರುವುದು ಈ ಪೇಪರುಗಳು ಮಾತ್ರ, ಪುಟ್ಟೀ. ಪೊಲೀಸರ ಮಾತಿಗೂ ಅವನ ಮಾತಿಗೂ ನಡುವೆ ಬೇರೆ ಏನೂ ಇಲ್ಲ.

ಈಗ ನಿನ್ನ ಹತ್ತಿರ ಇರುವ ಆ ಮಾತ್ರೆಗಳು. ಯಾರಿಗೂ ಹೇಳದೆ ಕೊಟ್ಟುಬಿಡಬೇಕು ಎಂದು ನಿನಗೆ ಅನಿಸಿರುತ್ತದೆ, ಆ ರಾತ್ರಿ ನಿನ್ನ ಜಾಗದಲ್ಲಿದ್ದರೆ ನನಗೂ ಅನಿಸುತ್ತಿತ್ತು. ದಯವಿಟ್ಟು ಹಾಗೆ ಮಾಡಬೇಡ. ಎಣಿಸು, ಯಾರು ಕೊಟ್ಟರು, ಎಷ್ಟು, ಎಷ್ಟು ಹೊತ್ತಿಗೆ ಎಂದು ಬರೆ, ನಿಮ್ಮಲ್ಲಿ ಮಾರ್ಫಿನ್ ಜವಾಬ್ದಾರಿ ಯಾವ ಡಾಕ್ಟರದ್ದೋ ಅವರ ಕೈಗೆ ಇವತ್ತೇ ಒಪ್ಪಿಸು. ಲೆಕ್ಕಕ್ಕೆ ಬಾರದ ಹತ್ತು ಮಾತ್ರೆ ನಾಳೆ ಯಾರದೋ ದೂರಿನಲ್ಲಿ ಸಿಕ್ಕರೆ ನಿಮ್ಮ ಆಸ್ಪತ್ರೆ ಹೆದರಿ ಮಾರ್ಫಿನ್ ಇಡುವುದನ್ನೇ ನಿಲ್ಲಿಸಬಹುದು, ಆಗ ನಿನ್ನ ವಾರ್ಡ್ ಪೂರ್ತಿ 1985ಕ್ಕೆ ವಾಪಸ್ ಹೋದ ಹಾಗೆ. ಜಗಳ ಆಡಲೇಬೇಕು ಅಂದರೆ ಸ್ಟಾಕ್ ಯಾಕೆ ಮುಗಿಯಿತು ಅಂತ ಆಡು. ವರ್ಷಕ್ಕೆ ಎಷ್ಟು ಬೇಕು ಎಂಬ ಅಂದಾಜನ್ನು ಆಸ್ಪತ್ರೆಯೇ ಬರೆದು ಕಳಿಸುತ್ತದೆ. ಅದನ್ನು ಕೇಳಿ ತೆಗೆಸಿ ನೋಡು, ಹೋದ ವರ್ಷದ ಅಂಕಿಯನ್ನೇ ನೋಡಿ ಬರೆದಿದ್ದಾರೋ ಏನೋ. ರೋಗಿಗಳು ಜಾಸ್ತಿ ಆಗಿದ್ದಾರೆ ಎಂದು ನೀನೇ ಲೆಕ್ಕ ಹಾಕಿಕೊಡು. ಔಷಧ ನಿಯಂತ್ರಕರಿಗೆ ಪತ್ರ ಬರೆಯಬೇಕೆಂದರೆ ಕರಡು ನನಗೆ ಕಳಿಸು, ರಾತ್ರಿಯೇ ಕೂತು ತಿದ್ದಿ ಕೊಡುತ್ತೇನೆ.

ಆ ರೋಗಿಗೆ ಕೊನೆಗೂ ಮಾತ್ರೆ ಸಿಕ್ಕಿತಾ? ನಿದ್ದೆ ಮಾಡಿದರಾ? ಡ್ಯೂಟಿ ಮುಗಿದ ಕೂಡಲೇ ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ
ಅಮ್ಮ